ಮೂವತ್ತೆಂಟನೇ ಗಾಡಿ

ಹೊಸೂರಿನಿಂದ ಕೃಷ್ಣಗಿರಿಗೆ, ಕೃಷ್ಣಗಿರಿಯಿಂದ ಹೊಸೂರಿಗೆ. ಎಂಟು ವರ್ಷಗಳಲ್ಲಿ ಕುಮಾರೇಶ ಹತ್ತಿರ ಹತ್ತಿರ ಹತ್ತು ಲಕ್ಷ ಕಿಲೋಮೀಟರು ಬೈಕು ಓಡಿಸಿದ್ದ. ಅಷ್ಟು ದೂರ ಹೋದವನು ಕೃಷ್ಣಗಿರಿಯ ಆಚೆ ಏನಿದೆ ಎಂದು ಕಂಡವನಲ್ಲ. ಊರಿಗೆ ಮುಂಚೆ ಒಂದು ಪೆಟ್ರೋಲ್ ಬಂಕಿದೆ. ಅಲ್ಲಿಗೆ ಮುಟ್ಟಿ, ಮೀಟರಿನ ಅಂಕಿ ಬರೆದುಕೊಂಡು, ಒಂದು ಲೋಟ ನೀರು ಕುಡಿದು ಗಾಡಿ ತಿರುಗಿಸಬೇಕು. ದಿನಕ್ಕೆ ನಾಲ್ಕು ಸುತ್ತು, ನಾನೂರು ಕಿಲೋಮೀಟರು. ಇದು ಅವನ ಕೆಲಸ.

ಬಾಗಲೂರು ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಬೈಕು ತಯಾರಿಸುವವರು ಹೊಸ ಮಾದರಿಯನ್ನು ಅಂಗಡಿಗೆ ಬಿಡುವ ಮೊದಲು ಅದರಲ್ಲಿ ಏನು ಮುರಿಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ತಿಳಿಯಬೇಕಲ್ಲ, ಅಂಥ ಗಾಡಿಗಳನ್ನು ಓಡಿಸಿ ವರದಿ ಕೊಡುವ ಗುತ್ತಿಗೆಯವರ ಶೆಡ್ಡು ಅದು. ಅಲ್ಲಿ ಹದಿನಾಲ್ಕು ಜನ ಸವಾರರು, ಎಲ್ಲರೂ ದಿನಗೂಲಿಯ ಲೆಕ್ಕದವರು. ಒಬ್ಬೊಬ್ಬನಿಗೆ ಒಂದೊಂದು ಗಾಡಿ. ಅರವತ್ತರ ವೇಗ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇಪ್ಪತ್ತೈದು ಸಾವಿರ ಕಿಲೋಮೀಟರು ತುಂಬುವವರೆಗೆ ಮಳೆಯೋ ಬಿಸಿಲೋ ಅದೇ ಗಾಡಿ, ಅದೇ ರಸ್ತೆ. ಕ್ಲಚ್ಚು ಬಿಗಿಯಾಯಿತು, ಎಡಗಾಲು ಇಡುವ ಪೆಗ್ಗು ಅದುರುತ್ತದೆ, ಐದನೇ ಸಾವಿರಕ್ಕೆ ಚೈನು ಜಗ್ಗಿದೆ ಎಂದು ದಿನದ ಹಾಳೆಯಲ್ಲಿ ಬರೆಯಬೇಕು. ಕುಮಾರೇಶನ ಹಾಳೆಗಳೆಂದರೆ ಇಂಜಿನಿಯರುಗಳಿಗೆ ಬಲು ಇಷ್ಟ. ಸಂಬಳ ಹೆಚ್ಚಿಸುವಷ್ಟು ಇಷ್ಟವಲ್ಲ, ಓದುವಷ್ಟು ಇಷ್ಟ.

ಇಪ್ಪತ್ತೈದು ಸಾವಿರ ತುಂಬಿದ ಗಾಡಿಯನ್ನು ಒಡೆದು ಹಾಕಬೇಕು. ಅದನ್ನು ಮಾರುವ ಹಾಗಿಲ್ಲ, ಯಾರ ಹೆಸರಿಗೂ ಬರೆಯುವ ಹಾಗಿಲ್ಲ. ಶನಿವಾರ ಸಾಯಂಕಾಲ ಗುಜರಿಯವನ ಲಾರಿ ಬರುತ್ತದೆ, ಗ್ಯಾಸ್ ಕಟರಿನಿಂದ ಚೌಕಟ್ಟನ್ನು ಮೂರು ತುಂಡು ಮಾಡುತ್ತಾರೆ, ಇಂಜಿನ್ನಿಗೆ ಸುತ್ತಿಗೆ ಹಾಕುತ್ತಾರೆ. ಆ ಗಾಡಿ ಓಡಿಸಿದ ಸವಾರ ನಿಂತು ನೋಡಿ, ‘ನನ್ನ ಕಣ್ಣೆದುರೇ ನಾಶ ಮಾಡಲಾಯಿತು’ ಎಂಬ ಕಾಗದಕ್ಕೆ ರುಜು ಹಾಕಬೇಕು. ಕಾಗದದಲ್ಲಿ ನಿಯಮ ಹಾಗಿತ್ತು. ಆದರೆ ಲಾರಿ ನಾಲ್ಕಕ್ಕೆ ಬರುತ್ತೇನೆಂದು ಏಳಕ್ಕೆ ಬರುವುದು, ಕೆಲವೊಮ್ಮೆ ಬರುವುದೇ ಇಲ್ಲ. ವಾರಕ್ಕೊಂದು ಸಲ ಮನೆಗೆ ಹೋಗುವವರು ಎಷ್ಟು ಹೊತ್ತು ಕಾಯಬೇಕು? ಸವಾರರೆಲ್ಲ ಮೊದಲೇ ರುಜು ಹಾಕಿ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದರು. ಮೇಲಿನವರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದು ಮೇಲಿನವರಿಗೆ ಸುಲಭ, ಏಕೆಂದರೆ ಕಾಗದದ ಕೆಳಗಿರುವ ಹೆಸರು ಅವರದಲ್ಲ.

ಕುಮಾರೇಶನಿಗಂತೂ ಓಡದೆ ವಿಧಿಯಿರಲಿಲ್ಲ. ಅವನ ಮನೆ ಇದ್ದದ್ದು ಅಂಚೆಟ್ಟಿಯಿಂದ ಆಚೆ, ಕಾಡಿನೊಳಗೆ ಏಳು ಕಿಲೋಮೀಟರು ನಡೆದು ಮುಟ್ಟುವ ಹುಣಸೆದೊಡ್ಡಿಯಲ್ಲಿ. ಹೊಸೂರಿನಿಂದ ನಾಲ್ಕೂವರೆಯ ಬಸ್ಸು ಹಿಡಿದರೆ ಅಂಚೆಟ್ಟಿಯಲ್ಲಿ ಇಳಿದು ಪೂರ್ತಿ ಕತ್ತಲಾಗುವ ಮುಂಚೆ ಹಳ್ಳ ದಾಟಬಹುದು. ಅದು ತಪ್ಪಿದರೆ ಆನೆ ಹಾಯುವ ದಾರಿಯಲ್ಲಿ ಒಬ್ಬನೇ ಹೋಗುವಂತಿಲ್ಲ, ಬೆಳಗಾಗುವವರೆಗೆ ಅಂಚೆಟ್ಟಿಯ ಬಸ್‌ಸ್ಟ್ಯಾಂಡಿನಲ್ಲೇ ಬಿದ್ದಿರಬೇಕು. ಅವನ ಹೆಂಡತಿ ಭಾನು ದೊಡ್ಡಿಯ ಅಂಗನವಾಡಿ ಟೀಚರು. ಸರ್ಕಾರದ ಗೌರವಧನ ಕೈಗೂ ಬಾಯಿಗೂ ಸಾಲದಷ್ಟು, ಆದರೆ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಆ ಊರಿನಲ್ಲಿ ಇರುವವರಿಗೇ ಆ ಕೆಲಸ. ಆಕೆ ಅವನ ಸೋದರತ್ತೆಯ ಮಗಳು, ಚಿಕ್ಕವಳಿದ್ದಾಗಿನಿಂದ ‘ಮಾವ’ ಎಂದು ಕರೆದ ಬಾಯಿ ಮದುವೆಯಾದ ಮೇಲೂ ಹಾಗೇ ಕರೆಯುತ್ತಿತ್ತು. ಮಗಳು ಭೂಮಿಕಾಗೆ ಐದು ವರ್ಷ. ವಾರವೆಲ್ಲ ಅವನು ಹೊಸೂರಿನಲ್ಲಿ ನಾಲ್ವರ ಜೊತೆ ಒಂದು ರೂಮಿನಲ್ಲಿ, ಅವರಿಬ್ಬರು ದೊಡ್ಡಿಯಲ್ಲಿ.

ಒಂದು ಸಲ ಭೂಮಿಕಾ ಪಕ್ಕದ ಮನೆಯವರಿಗೆ, “ನಮ್ಮನೆಗೆ ಅಪ್ಪ ಬಂದವ್ರೆ, ನಾಳೆ ಹೊಂಟೋಯ್ತಾರೆ,” ಎಂದು ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ನೆಂಟರು ಬಂದರೆ ಮಕ್ಕಳು ಹೇಳುತ್ತವಲ್ಲ, ಅದೇ ರಾಗ. ಅವತ್ತು ಕುಮಾರೇಶ ಊಟ ಸರಿಯಾಗಿ ಮಾಡಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ, ಒಂದು ಬೈಕು. ದೊಡ್ಡಿಯಿಂದ ಹೊಸೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರು. ದಿನಾ ನಾನೂರು ಓಡಿಸುವವನಿಗೆ ಅದು ಯಾವ ಲೆಕ್ಕ? ಬೆಳಿಗ್ಗೆ ಹೊರಟು ಸಂಜೆ ಮನೆಗೆ ಬರಬಹುದು. ಪ್ರತಿದಿನ ರಾತ್ರಿ ಮೂವರೂ ಒಂದೇ ಸೂರಿನ ಕೆಳಗೆ. ಇಷ್ಟಕ್ಕೆ ಅವನಲ್ಲಿ ಗಾಡಿಯಿರಲಿಲ್ಲ. ನಲವತ್ತು ಬೈಕುಗಳನ್ನು ಸವೆಸಿದವನಿಗೆ ತನ್ನದೆಂಬ ಒಂದು ಬೈಕು ಇಲ್ಲದ್ದನ್ನು ನೆನೆದರೆ ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯುವುದಿಲ್ಲ.

ಎಂದೂ ಇರಲೇ ಇಲ್ಲ ಎಂದಲ್ಲ. ಮದುವೆಯಾದ ಹೊಸತರಲ್ಲಿ ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಹಳೆಯ ಗಾಡಿ ಕೊಂಡಿದ್ದ. ಮೂರನೇ ತಿಂಗಳಿಗೆ ದೇನ್ಕನಿಕೋಟೆಯಲ್ಲಿ ಪೊಲೀಸರು ತಡೆದು ನಂಬರು ನೋಡಿದರು. ಅದು ಎಲ್ಲಿಯೋ ಕದ್ದ ಗಾಡಿ. ಮಾರಿದವನು ನಾಪತ್ತೆ, ಓಡಿಸುತ್ತಿದ್ದ ಕುಮಾರೇಶ ಕೈಗೆ ಸಿಕ್ಕಿದ್ದ. ಎರಡು ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಕೊನೆಗೆ ಅಳುತ್ತಾ ಹೊರಗೆ ಬಂದ. ಅಲ್ಲಿಂದಾಚೆಗೆ ದಾಖಲೆಯಿಲ್ಲದ ಗಾಡಿಯೆಂದರೆ ಅವನಿಗೆ ಕೈಕಾಲು ತಣ್ಣಗಾಗುತ್ತಿತ್ತು. ಹೊಸ ಗಾಡಿಗೆ ಕಂತು ಕೊಡುವವರು ದಿನಗೂಲಿಯವನ ಮುಖ ನೋಡಿ ಫಾರಂ ಕೂಡ ಕೊಡಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಕಾರ್ತಿಕದಲ್ಲಿ ಹೊಸೂರು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ತಮಿಳಿನಲ್ಲಿ ಒಂದು ಪೋಸ್ಟರು ಬಂತು. ಐನೂರು ಕಿಲೋಮೀಟರಿನ ಬೈಕ್ ರೇಸು. ಹೊಸೂರು, ಕೃಷ್ಣಗಿರಿ, ರಾಯಕೋಟೆ, ದೇನ್ಕನಿಕೋಟೆ, ಮತ್ತೆ ಹೊಸೂರು, ಹೀಗೆ ನಾಲ್ಕು ಸುತ್ತು, ಹತ್ತು ಗಂಟೆ. ಮೊದಲ ಬಹುಮಾನ ಒಂದು ಹೊಸ ಬೈಕು. ಎರಡನೆಯದು ಮಿಕ್ಸಿ. ನಡೆಸುವವರು ಬೈಕ್ ಷೋರೂಮಿನ ವೆಂಕಟರಾಮಪ್ಪ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿತ್ತು. ಇದು ವೇಗದ ಪಂದ್ಯವಲ್ಲ, ದಾರಿಯಲ್ಲಿ ಸಮಯ ಬರೆದುಕೊಳ್ಳುವ ಪ್ರತಿ ಠಾಣೆಗೂ ಗೊತ್ತಾದ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ತಡವಾದರೂ ನಿಮಿಷಕ್ಕೊಂದು ಅಂಕ ಹೋಗುತ್ತದೆ, ಬೇಗ ಬಂದರೂ ಹೋಗುತ್ತದೆ. ಕುಮಾರೇಶ ಅದನ್ನು ಮೂರು ಸಲ ಓದಿದ. ಯಾರೋ ಅವನ ಎಂಟು ವರ್ಷಗಳನ್ನು ಪಕ್ಕದಲ್ಲಿಟ್ಟುಕೊಂಡೇ ಆ ನಿಯಮ ಬರೆದಂತಿತ್ತು.

ಓಡಿಸಲು ಗಾಡಿ ಬೇಕಲ್ಲ. ಸೂಳಗಿರಿಯಲ್ಲಿ ಅಂಜನಪ್ಪ ಎಂಬುವನಿದ್ದ, ಮಾವಿನ ಹಣ್ಣಿಗೆ ಮರದ ಪೆಟ್ಟಿಗೆ ಹೊಡೆದು ಕೊಡುವವನು. ರಸ್ತೆ ಬದಿಯ ಅವನ ಕೊಟ್ಟಿಗೆಯ ಮುಂದೆ ಕುಮಾರೇಶ ದಿನಕ್ಕೆ ಎಂಟು ಸಲ ಹಾದುಹೋಗುತ್ತಿದ್ದ, ಕೈಯೆತ್ತಿ ಕೈಯೆತ್ತಿ ಸ್ನೇಹವಾಗಿತ್ತು. ಕಾರ್ತಿಕದಲ್ಲಿ ಮಾವೂ ಇಲ್ಲ ಪೆಟ್ಟಿಗೆಯೂ ಇಲ್ಲ, ಅಂಜನಪ್ಪನ ಹಳೆಯ ಬೈಕು ಸುಮ್ಮನೆ ನಿಂತಿತ್ತು. ಕೇಳಿದ ಕೂಡಲೇ ಕೀಲಿ ಕೊಟ್ಟ. ಕೊಟ್ಟವನು ಬುದ್ಧಿಮಾತನ್ನೂ ಜೊತೆಗೆ ಕೊಟ್ಟ.

“ಗಾಡಿ ತಗೊಂಡೋಗು, ಬ್ಯಾಡ ಅನ್ನಲ್ಲ. ಆದ್ರೆ ಆ ವೆಂಕಟರಾಮಪ್ಪ ಬಹುಮಾನ ಕೊಡ್ತಾನೆ ಅಂತ ನಂಬ್ಕೊಂಡಿದ್ದೀಯಾ? ಅವ್ನ ತಂಗಿ ಮಗ ತಿಲಕ್ಕೂ ರೇಸಲ್ಲಿ ಅವ್ನೆ ಕಣ್ಲಾ. ಯಾರು ಗೆಲ್ಬೇಕು ಅಂತ ಈಗ್ಲೇ ಬರ್ಕೊಂಡಿರ್ತಾರೆ.”

“ಬರ್ಕೊಂಡ್ರೆ ಬರ್ಕೊಳ್ಲಿ ಬುಡಣ್ಣ. ಗಡಿಯಾರ ನೋಡಿ ತಾನೆ ಅಂಕ ಹಾಕೋದು.”

“ಗಡಿಯಾರ ನೋಡೋನು ಯಾರು? ಅವ್ನ ಕಡೆಯೋನೇ ಅಲ್ವಾ?”

ಕುಮಾರೇಶ ಕೀಲಿಯನ್ನು ಕಿಸೆಗೆ ಹಾಕಿಕೊಂಡ. ಅನುಮಾನ ಅಂಜನಪ್ಪನೊಬ್ಬನದೇ ಆಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಭಾಷೆಯಲ್ಲಿ ಅದೇ ಮಾತು. ಗೆದ್ದವನ ಕೈಗೆ ರಟ್ಟಿನ ದೊಡ್ಡ ಕೀಲಿ ಕೊಟ್ಟು ಫೋಟೋ ಹೊಡೆಸಿ ಕಳಿಸುತ್ತಾರಂತೆ, ಗಾಡಿ ಮಾತ್ರ ಅಂಗಡಿಯಲ್ಲೇ ಉಳಿಯುತ್ತದಂತೆ. ಕೊಡುತ್ತಾರೋ ಇಲ್ಲವೋ ಎಂದು ಎಲ್ಲರೂ ತಲೆ ಕೆಡಿಸಿಕೊಂಡರು. ಕೊಡುವುದು ಏನನ್ನು ಎಂದು ಒಬ್ಬರೂ ಕೇಳಲಿಲ್ಲ.

ಕುಮಾರೇಶ ಮನಸ್ಸು ತಡೆಯದೆ ಒಂದು ಸಂಜೆ ಷೋರೂಮಿಗೇ ಹೋದ. ಬಹುಮಾನದ ಗಾಡಿಯನ್ನು ಒಳಗೆ ಎತ್ತರದ ಹಲಗೆಯ ಮೇಲೆ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ, ಸೀಟಿನಿಂದ ಚಕ್ರದವರೆಗೆ ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಕೆಂಪು ಬಣ್ಣ, ಹೊಸ ಟೈರು. ವೆಂಕಟರಾಮಪ್ಪ ತೆಳ್ಳಗೆ ಬೆಳ್ಳಗಿದ್ದ ಮನುಷ್ಯ, ಯಾರನ್ನೂ ಜೋರಾಗಿ ಗದರಿದವನಲ್ಲ.

“ಸಾರ್, ಗೆದ್ದೋರಿಗೆ ಆರ್‌ಸಿ ಬುಕ್ಕು ಬತ್ತದಾ?” ಎಂದು ಕುಮಾರೇಶ ಕೇಳಿದ.

“ಬರದೆ ಇನ್ನೇನು ತಂಬಿ. ಗೆದ್ದೋನ ಹೆಸರಲ್ಲೇ ಬರುತ್ತೆ. ಹದಿನೈದು ದಿನ, ಜಾಸ್ತಿ ಅಂದ್ರೆ ಒಂದು ತಿಂಗಳು. ನೀನು ಮೊದ್ಲು ಗೆಲ್ಲು.”

ಹೊರಡುವಾಗ ಕುಮಾರೇಶನ ಕಣ್ಣು ಆ ಗಾಡಿಯ ಹಿಂದಿನ ಬ್ರೇಕಿನ ಪೆಡಲಿನ ಮೇಲೆ ಬಿತ್ತು. ಅದರ ಗೀರುಗಳು ಸವೆದು ನುಣ್ಣಗಾಗಿದ್ದವು. ಹೊಸ ಗಾಡಿಯ ಪೆಡಲು ಹಾಗಿರುವುದಿಲ್ಲ. ಬೇರೆಯವರಿಗಾದರೆ ಅದು ಕಾಣಿಸುತ್ತಲೇ ಇರಲಿಲ್ಲ. ಅವನಿಗೆ ಕಂಡಿತು, ಕಂಡದ್ದನ್ನು ಅವನೇ ಒರೆಸಿ ಹಾಕಿದ. ಅಂಗಡಿಯಲ್ಲಿ ನಿಲ್ಲಿಸಿದ ಗಾಡಿ, ಬಂದವರೆಲ್ಲ ಹತ್ತಿ ತುಳಿದಿರುತ್ತಾರೆ ಎಂದು ಸಮಾಧಾನ ಹೇಳಿಕೊಂಡ. ದಿನದ ಹಾಳೆಯಲ್ಲಿ ಒಂದು ಗೀರನ್ನೂ ಬಿಡದೆ ಬರೆಯುವ ಮನುಷ್ಯ ತನ್ನ ಸ್ವಂತ ವಿಷಯಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡ. ಆಸೆ ಅಂಥದ್ದು, ಅವನನ್ನು ಬೈದು ಏನು ಪ್ರಯೋಜನ.

ರೇಸು ಭಾನುವಾರ, ಆದ್ದರಿಂದ ಆ ವಾರ ಶನಿವಾರ ಕುಮಾರೇಶ ಊರಿಗೆ ಹೋಗಲಿಲ್ಲ. ಬದಲಿಗೆ ಭಾನುವಾರ ಬೆಳಗಿನ ಬಸ್ಸಿಗೆ ಭಾನುವೇ ಮಗಳನ್ನು ಕರೆದುಕೊಂಡು ಹೊಸೂರಿಗೆ ಬರುವುದೆಂದು ಮಾತಾಗಿತ್ತು.

ಬೆಳಗಿನ ನಾಲ್ಕೂವರೆಗೆ ಮೂವತ್ತೊಂದು ಗಾಡಿಗಳು ಹೊರಟವು. ಸೈಲೆನ್ಸರು ಕಳಚಿ ಊರು ಎಬ್ಬಿಸುವ ಹುಡುಗರೇ ಹೆಚ್ಚು. ಅವರು ಹಾರಿಕೊಂಡು ಹೋದರು, ಕೃಷ್ಣಗಿರಿಯ ಠಾಣೆಗೆ ಹನ್ನೆರಡು ನಿಮಿಷ ಮೊದಲೇ ಮುಟ್ಟಿ ಅಂಕ ಕಳೆದುಕೊಂಡರು. ಕುಮಾರೇಶ ಅಂಜನಪ್ಪನ ಬೈಕನ್ನು ಮೂರು ಸಂಜೆ ಬಿಚ್ಚಿ ಜೋಡಿಸಿದ್ದ, ಅದರ ಮನಸ್ಸು ಅವನಿಗೆ ಗೊತ್ತಿತ್ತು. ಮೀಟರಿನ ಮುಳ್ಳು ನೋಡುವ ಅಗತ್ಯವೂ ಅವನಿಗಿರಲಿಲ್ಲ, ಕಾಲಿನ ಕೆಳಗಿನ ಅದುರಿನಿಂದಲೇ ವೇಗ ತಿಳಿಯುತ್ತಿತ್ತು. ಮೊದಲ ಸುತ್ತಿಗೆ ಅವನು ಕಳೆದುಕೊಂಡದ್ದು ಒಂದು ನಿಮಿಷ. ಜೀವಮಾನದಲ್ಲಿ ಮೊದಲ ಸಲ ಕೃಷ್ಣಗಿರಿ ದಾಟಿ ಆಚೆಯ ಬಂಡೆಗುಡ್ಡಗಳನ್ನು ನೋಡಿದ್ದೂ ಅವತ್ತೇ. ನಿಂತು ನೋಡಲಾಗಲಿಲ್ಲ.

ಎರಡನೇ ಸುತ್ತಿಗೆ ಬಿಸಿಲೇರಿತು. ರಾಯಕೋಟೆಯ ಠಾಣೆ ದಾಟಿದ ಮೇಲೆ ಟೊಮ್ಯಾಟೊ ಲಾರಿಗಳು ರಸ್ತೆಗೆ ಅಡ್ಡ ನಿಂತು ನಾಲ್ಕು ನಿಮಿಷ ತಿಂದವು. ಅದನ್ನು ದೇನ್ಕನಿಕೋಟೆ ಮುಟ್ಟುವುದರೊಳಗೆ ಚೂರುಚೂರಾಗಿ ವಾಪಸ್ಸು ತಂದ. ಮೂರನೆಯದು ಮುಗಿಸಿ ನಾಲ್ಕನೆಯದಕ್ಕೆ ಬಿದ್ದ ಮೇಲೆ ಸೊಂಟ ಹಿಡಿಯಿತು. ಎಂಟು ವರ್ಷದ ನೋವು ಅದು, ದಿನಾ ನಾನೂರಕ್ಕೆ ಸುಮ್ಮನಾಗುತ್ತಿತ್ತು, ನಾನೂರು ದಾಟಿದ ಕೂಡಲೇ ತಾನೂ ಇದ್ದೇನೆ ಎಂದಿತು. ಬಲಗೈಯ ಎರಡು ಬೆರಳು ಮರಗಟ್ಟಿದವು. ಸೂಳಗಿರಿಯಲ್ಲಿ ಅಂಜನಪ್ಪ ರಸ್ತೆಗೇ ಬಂದು ನಿಂತಿದ್ದ, ಬಾಯಿ ಬಿಟ್ಟು ಏನನ್ನೋ ಕೂಗಿದ. ಎದುರುಗಾಳಿಗೆ ಕೇಳಿಸಲಿಲ್ಲ. ಆ ಕೊನೆಯ ಸುತ್ತಿನಲ್ಲಿ ಉಳಿದದ್ದು ಹದಿಮೂರು ಗಾಡಿ. ಕೆಲವರು ಬಿದ್ದಿದ್ದರು, ಕೆಲವರು ಬೇಸತ್ತು ಹೋಟೆಲು ಹೊಕ್ಕಿದ್ದರು. ಕುಮಾರೇಶ ಮಾತ್ರ ದೊಡ್ಡಿಯ ಹಳ್ಳಕ್ಕೆ ಯಾವ ಗೇರಿನಲ್ಲಿ ಇಳಿಸಬೇಕು, ಮಳೆಗಾಲದಲ್ಲಿ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂದು ಯೋಚಿಸುತ್ತಾ ನೋವನ್ನು ನುಂಗಿದ. ಅಂಗನವಾಡಿಯ ಹಿಂದಿನ ಸೂರು ಸಾಕು, ಒಂದೆರಡು ತಗಡು ಹಾಕಿದರೆ ಆಯಿತು ಎಂದು ತೀರ್ಮಾನವನ್ನೂ ಮಾಡಿಬಿಟ್ಟ.

ಎರಡೂವರೆಗೆ ಸರಿಯಾಗಿ ಹೊಸೂರು ಮುಟ್ಟಿದ. ಇಡೀ ದಿನಕ್ಕೆ ಅವನು ಕಳೆದುಕೊಂಡದ್ದು ಮೂರು ಅಂಕ. ಎರಡನೆಯವನಾದ ತಿಲಕ್ ಕಳೆದುಕೊಂಡದ್ದು ಹತ್ತೊಂಬತ್ತು. ಗಡಿಯಾರ ನೋಡುವವರು ಯಾರ ಕಡೆಯವರೇ ಆಗಿರಲಿ, ಅವತ್ತು ಮೋಸ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಕುಮಾರೇಶನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದ್ದುಂಟು.

ಷೋರೂಮಿನ ಮುಂದೆ ಶಾಮಿಯಾನ, ಮೈಕು, ಇನ್ನೂರು ಜನ. ಭಾನು ಮದುವೆಯ ಸೀರೆ ಉಟ್ಟು ಬಂದಿದ್ದಳು. ಕುಮಾರೇಶನ ಕೈಗೆ ರಟ್ಟಿನ ಕೀಲಿ ಬಂತು, ಫೋಟೋ ಆಯಿತು. ಆಮೇಲೆ ವೆಂಕಟರಾಮಪ್ಪ ಕಿಸೆಯಿಂದ ನಿಜವಾದ ಕೀಲಿಯನ್ನೇ ತೆಗೆದು ಕೊಟ್ಟ. ನಾಲ್ಕು ಜನ ಗಾಡಿಯನ್ನು ಹಲಗೆಯಿಂದ ಇಳಿಸಿ ತಂದು ಅವನ ಮುಂದೆ ನಿಲ್ಲಿಸಿದರು. ಟೀ ಅಂಗಡಿಯ ಮಾತುಗಾರರೆಲ್ಲ ಮುಖ ಮುಖ ನೋಡಿಕೊಂಡರು. ಭೂಮಿಕಾಳನ್ನು ಯಾರೋ ಎತ್ತಿ ಟ್ಯಾಂಕಿನ ಮೇಲೆ ಕೂರಿಸಿದರು, ಅವಳು ಎರಡೂ ಕೈಯಲ್ಲಿ ಹ್ಯಾಂಡಲು ಹಿಡಿದು ಸುತ್ತ ನೆರೆದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. “ಇದು ನಮ್ದಾ ಅಪ್ಪ?” ಎಂದು ಕೇಳಿದಳು.

“ನಮ್ದೇ ಕಣಮ್ಮಿ,” ಎಂದ ಕುಮಾರೇಶ. ಹಾಗೆ ಹೇಳುತ್ತಲೇ ಕಿಕ್ಕರ್ ಒದ್ದ.

ಗಾಡಿ ಶುರುವಾಯಿತು. ಸುತ್ತ ಚಪ್ಪಾಳೆ. ಕುಮಾರೇಶನ ಎಡಪಾದದ ಕೆಳಗೆ ಒಂದು ಅದುರು ಬಂತು, ಸಣ್ಣದು, ಒಂದು ಬಿಟ್ಟು ಒಂದು ಬಡಿತಕ್ಕೆ. ಆ ಅದುರನ್ನು ಅವನು ಎರಡೂವರೆ ತಿಂಗಳು ದಿನದಿನವೂ ಹಾಳೆಯಲ್ಲಿ ಬರೆದಿದ್ದ. ಮಗಳನ್ನು ಇಳಿಸಿ ಬಗ್ಗಿದ. ಸೈಲೆನ್ಸರಿನ ಕೊಳವೆ ಇಂಜಿನ್ನಿನಿಂದ ಬಾಗುವ ಕಡೆ, ಹೊಸ ಬಣ್ಣದ ಕೆಳಗೆ, ಬಟಾಣಿ ಕಾಳಿನಷ್ಟು ಒಂದು ಗಂಟು. ಶೆಡ್ಡಿನ ಗಾಡಿಗಳಿಗೆ ಮಾತ್ರ ಅಲ್ಲೊಂದು ತೂತು ಕೊರೆಯುತ್ತಾರೆ, ಬಿಸಿ ಅಳೆಯುವ ತಂತಿ ತೂರಿಸಲು. ಅದನ್ನು ಬೆಸುಗೆ ಹಾಕಿ ಮುಚ್ಚಿ ಉಜ್ಜಿದ್ದರು. ಚೌಕಟ್ಟಿನ ನಂಬರಿನ ಜಾಗದಲ್ಲಿ ಉಜ್ಜಿ ಹೊಸದಾಗಿ ಕೊರೆದ ಅಂಕಿಗಳಿದ್ದವು. ಎಡಗಡೆಯ ಪೆಗ್ಗು ಒಂದು ಕೂದಲೆಳೆ ಮೇಲಕ್ಕೆ ಬಾಗಿತ್ತು, ಸೂಳಗಿರಿಯ ಹತ್ತಿರ ಮೇಕೆ ಅಡ್ಡ ಬಂದು ಬಿದ್ದಾಗ ಆದದ್ದು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಅವನು ಓಡಿಸಿದ ಮೂವತ್ತೆಂಟನೇ ಗಾಡಿ ಅದು. ಯುಗಾದಿಗೆ ಹಿಂದಿನ ಶನಿವಾರ ತನ್ನ ಕಣ್ಣೆದುರೇ ಮೂರು ತುಂಡಾಯಿತು ಎಂದು ಅವನೇ ಬರೆದು ರುಜು ಹಾಕಿದ್ದ ಗಾಡಿ.

ಅವನು ಗಾಡಿ ಆರಿಸಿದ. ಕಿವಿಗೆ ಚಪ್ಪಾಳೆ ಬೀಳುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ. ವೆಂಕಟರಾಮಪ್ಪನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, “ಸಾರ್, ಇದು ಶೆಡ್ಡಿನ ಗಾಡಿ. ನಾನೇ ಓಡ್ಸಿರೋದು,” ಎಂದ.

ವೆಂಕಟರಾಮಪ್ಪನ ನಗು ಹಾಗೇ ಇತ್ತು. ಅವನ ಹೆಗಲ ಮೇಲೆ ಕೈ ಹಾಕಿ, ಗೆದ್ದವನಿಗೆ ಕಾಫಿ ಕೊಡಿಸುವವನ ಹಾಗೆ ಒಳಗಿನ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಒರಗಿಸಿದ.

“ಯಾವ ಶೆಡ್ಡೋ ನಂಗೆ ಗೊತ್ತಿಲ್ಲ ತಂಬಿ. ಗುಜರಿಯವನು ತಂದುಕೊಟ್ಟ, ನಾನು ತಗೊಂಡೆ. ನಾಳೆ ಯಾರಾದ್ರೂ ಕೇಳಿದ್ರೆ ಅಂತ ಒಂದು ಕಾಗದದ ನಕಲೂ ಕೊಟ್ಟವ್ನೆ. ಈ ಗಾಡಿ ಒಡೆದು ಹಾಕಿದೀವಿ, ಇಂಥ ಗಾಡಿ ಇಲ್ಲವೇ ಇಲ್ಲ ಅಂತ ಬರೆದಿದೆ. ಕೆಳಗೆ ನೋಡಿದೋನ ಸೈನ್ ಇದೆ. ಹೆಸರು ಓದ್ಲಾ?”

“ಬ್ಯಾಡ ಸಾರ್.”

“ನಾನು ಸಾಚಾ ಅಂತ ಹೇಳಲ್ಲ. ಆದ್ರೆ ವಿಷಯ ಹೊರಗೆ ಬಂದ್ರೆ ಪೊಲೀಸ್ನೋರು ಮೊದಲು ಯಾರ ಮನೆಗೆ ಬರ್ತಾರೆ? ಒಡೆದು ಹಾಕಿದ್ದನ್ನ ನೋಡ್ದೆ ಅಂದೋನ ಮನೆಗಾ, ನನ್ನ ಮನೆಗಾ? ಅದೂ ಗಾಡಿ ನಿನ್ನ ಕೈಯಲ್ಲೇ ಇರುವಾಗ.”

ಶೆಡ್ಡಿನಲ್ಲಿ ಪಾಪಯ್ಯ ಎಂಬ ಸವಾರನಿದ್ದ, ಒಡೆದ ಗಾಡಿಯ ಒಂದು ಕನ್ನಡಿಯನ್ನು ಮನೆಗೆ ಒಯ್ದನೆಂದು ಅವನನ್ನು ಅರ್ಧ ದಿನದಲ್ಲಿ ಹೊರಗೆ ಹಾಕಿದ್ದರು. ಒಂದು ಕನ್ನಡಿಗೆ ಹಾಗಾದರೆ ಇಡೀ ಗಾಡಿಗೆ? ಮೊದಲೇ ರುಜು ಹಾಕುವುದು ಎಲ್ಲರ ರೂಢಿ ಎಂದು ಹೇಳಿದರೆ ಯಾರು ಕೇಳುತ್ತಾರೆ? ಎಲ್ಲರೂ ಹಾಕುತ್ತಿದ್ದರು, ನಿಜ. ಸಿಕ್ಕಿಬಿದ್ದದ್ದು ಅವನೊಬ್ಬನೇ, ಅದೂ ಇನ್ನೂರು ಜನರ ಎದುರು ಹಾರ ಹಾಕಿಸಿಕೊಂಡು.

“ಆರ್‌ಸಿ ಬರಲ್ವಾ ಸಾರ್?” ಎಂದು ಮತ್ತೂ ಕೇಳಿದ. ಉತ್ತರ ಗೊತ್ತಿದ್ದೂ ಕೇಳಿದ.

“ಕಾಡು ಕಡೆಯೋನು ತಾನೆ ನೀನು, ಅಲ್ಲಿ ಯಾರು ಕೇಳ್ತಾರೆ? ಓಡಿಸ್ಕೊಂಡಿರು. ಬೇಡ ಅಂದ್ರೆ ಇಲ್ಲೇ ಬಿಟ್ಟು ಹೋಗು. ಎರಡರಲ್ಲಿ ಯಾವುದಾದ್ರೂ ಸರಿ, ಬಾಯಿ ಮಾತ್ರ ಬಿಡಬೇಡ.”

ಎರಡು ದಾರಿ ಎಂದು ಹೇಳುವುದು ಚೆಂದ. ಅಂಚೆಟ್ಟಿಗೆ ಹೋಗುವ ರಸ್ತೆ ದೇನ್ಕನಿಕೋಟೆಯ ಪೊಲೀಸ್ ಸ್ಟೇಷನ್ನಿನ ಮುಂದೆಯೇ ಹಾಯುತ್ತದೆ. ಆ ಬೆಂಚಿನ ಮುಂದೆ, ಇಲ್ಲವೇ ಇಲ್ಲ ಎಂದು ತಾನೇ ಬರೆದ ಗಾಡಿಯ ಮೇಲೆ, ಇವತ್ತು ಹೆಂಡತಿ ಮಗಳನ್ನು ಕೂರಿಸಿಕೊಂಡು, ಆಮೇಲೆ ದಿನಕ್ಕೆ ಎರಡು ಸಲ ಹಾಯುವ ಧೈರ್ಯ ಕುಮಾರೇಶನಿಗೆ ಇರಲಿಲ್ಲ. ಯಾರಿಗೂ ಇರುವುದಿಲ್ಲ. ಅವನು ಕೀಲಿಯನ್ನು ಮೇಜಿನ ಮೇಲಿಟ್ಟ. ಬೈಗುಳ ಬಾಯಿಗೆ ಬಂದಿತ್ತು, ಅದನ್ನೂ ನುಂಗಿದ. ಹೊರಗೆ ಬರುವಾಗ ತಿಲಕ್ ತನ್ನ ಮಿಕ್ಸಿಯ ಡಬ್ಬ ಬಿಚ್ಚಿ ಬಿಲ್ಲು, ಗ್ಯಾರಂಟಿ ಕಾರ್ಡು ಎರಡೂ ಇವೆಯೇ ಎಂದು ನೋಡಿಕೊಳ್ಳುತ್ತಿದ್ದ. ಎರಡೂ ಇದ್ದವು.

“ಕಾಗ್ದ ಪತ್ರ ಆಗ್ಬೇಕಂತೆ. ಅಲ್ಲೀಗಂಟ ಗಾಡಿ ಇಲ್ಲೇ ಇರ್ಲಿ,” ಎಂದು ಕುಮಾರೇಶ ಭಾನುವಿಗೆ ಹೇಳಿದ. “ನಡಿ, ಬಸ್ಸಿಗೆ ಹೊತ್ತಾಯ್ತು.”

ಭೂಮಿಕಾ ಅಳಲಿಲ್ಲ. ಹ್ಯಾಂಡಲಿಗೆ ಕಟ್ಟಿದ್ದ ಹೂವಿನ ಒಂದು ತುಂಡನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು, ಅಷ್ಟೆ. ಅಂಜನಪ್ಪ ತನ್ನ ಬೈಕು ಒಯ್ಯಲು ಸೂಳಗಿರಿಯಿಂದ ಬಂದಿದ್ದ. ಕುಮಾರೇಶನ ಬೆನ್ನು ತಟ್ಟಿ, “ನಾನೇ ತಪ್ಪು ತಿಳ್ಕೊಂಡಿದ್ದೆ ಬುಡ್ಲಾ. ಕೊಟ್ಬುಟ್ಟನಲ್ಲ ಮಾರಾಯ,” ಎಂದ. ಕುಮಾರೇಶ ಗಾಡಿ ಕೊಟ್ಟದ್ದಕ್ಕೆ ಅವನಿಗೆ ಕೈ ಮುಗಿದು ನಡೆದ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮತ್ತಿಗಿರಿ ದಾಟಿದ ಮೇಲೆ ಒಬ್ಬರು ಇಳಿದು ಭಾನುವಿಗೆ ಸೀಟು ಸಿಕ್ಕಿತು, ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಯಿತು. ಕುಮಾರೇಶ ಕಂಬಿ ಹಿಡಿದು ಪಕ್ಕದಲ್ಲಿ ನಿಂತಿದ್ದ, ಐನೂರು ಕಿಲೋಮೀಟರು ಓಡಿಸಿದ ಸೊಂಟದ ಮೇಲೆ. ಭಾನು ಕತ್ತೆತ್ತಿ ಅವನ ಮುಖ ನೋಡಿದಳು. ಅವಳು ಮೂವತ್ತು ಮಕ್ಕಳ ಸುಳ್ಳನ್ನು ದಿನಾ ಮುಖ ನೋಡಿಯೇ ಹಿಡಿಯುವವಳು.

“ಕಾಗ್ದದ ವಿಷ್ಯ ಅಲ್ಲ ಅಲ್ವಾ ಮಾವ?”

ಕುಮಾರೇಶ ಮೊದಲು ಕಾಗದದ್ದೇ ಎಂದ. ಮತ್ತೆ ಅಲ್ಲ ಎಂದ. ದೇನ್ಕನಿಕೋಟೆಯ ಸ್ಟೇಷನ್ನಿನ ಗೇಟು ಕಿಟಕಿಯಾಚೆ ಹಾದುಹೋದ ಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ ಎಲ್ಲವನ್ನೂ ಹೇಳಿದ. ಮೂವತ್ತೆಂಟನೇ ಗಾಡಿ, ಗುಜರಿಯವನ ಲಾರಿ, ಯುಗಾದಿಗೆ ಹಿಂದಿನ ಶನಿವಾರದ ರುಜು, ಕಾಗದದ ನಕಲು. ಯಾರಿಗೂ ಹೇಳುವ ಹಾಗಿಲ್ಲ ಎಂದ. ಹೇಳಿದರೆ ತಾನೇ ಕಳ್ಳನಾಗುತ್ತೇನೆ ಎಂದ. ಒಂದು ದಿನದ ರಜೆ ಮುಗಿಸಿ ನಾಳೆ ಸಂಜೆ ಮತ್ತೆ ಹೊಸೂರಿಗೆ ಹೋಗಬೇಕು, ಅದೇ ಶೆಡ್ಡು, ಅದೇ ರಸ್ತೆ, ಮಾಡುವುದಕ್ಕೆ ಬೇರೇನೂ ಉಳಿದಿಲ್ಲ ಎಂದ. “ಕಾದು ನೋಡಿ ಸೈನ್ ಹಾಕ್ಬೇಕಾಗಿತ್ತು. ಲಾರಿ ಬರ್ಲೇ ಇಲ್ಲ. ಬಸ್ಸು ತಪ್ಪೋಯ್ತದೆ ಅಂತ ಹಾಕ್ಬುಟ್ಟು ಬಂದೆ. ನಿಮ್ಮಿಬ್ರನ್ನ ನೋಡ್ಬೇಕಾಗಿತ್ತು,” ಎಂದ.

ಭಾನು ಮಗಳ ಹಣೆಯ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿದಳು. ಬಸ್ಸು ಕಾಡಿನ ತಿರುವುಗಳಲ್ಲಿ ಏರತೊಡಗಿತ್ತು.

“ಯುಗಾದಿ ಹಿಂದಿನ್ ಶನಿವಾರ ಅಂದ್ಯಲ್ಲ,” ಎಂದಳು ಕೊನೆಗೆ. ಅವನನ್ನು ನೋಯಿಸಬೇಕೆಂದಲ್ಲ, ಲೆಕ್ಕ ಹಾಕುವವಳ ಹಾಗೆ ಮೆಲ್ಲಗೆ ಹೇಳಿದಳು. “ಅವತ್ತು ನೀನು ಬಂದು ಉಣ್ಣಾಕೂ ಆಗ್ದೆ ಮಲಗ್ಬುಟ್ಟೆ. ಭಾನುವಾರ ಹೊಂಡೋ ಹೊತ್ಗೇ ಎದ್ದಿದ್ದು. ಇವಳು ಬೆಳಿಗ್ಗೆಯಿಂದ ಸ್ಲೇಟು ಹಿಡ್ಕೊಂಡು ನಿನ್ ಪಕ್ಕ ಕುಂತಿದ್ಳು, ಅಪ್ಪ ಎದ್ಮೇಲೆ ತೋರುಸ್ತೀನಿ ಅಂತ. ಎಬ್ಬಿಸ್ಬ್ಯಾಡ, ಸುಸ್ತಾಗೈತೆ ಅಂತ ನಾನೇ ಅಂದೆ. ಎದ್ದೋನು ಮುಖ ತೊಳ್ಕೊಂಡು ಹೊಂಟೋದೆ.”

ಕುಮಾರೇಶ ಕಂಬಿಯನ್ನು ಬಿಗಿಯಾಗಿ ಹಿಡಿದು ಆ ಭಾನುವಾರವನ್ನು ನೆನಪು ಮಾಡಿಕೊಳ್ಳಲು ನೋಡಿದ. ಅವನಿಗೆ ಒಂದೂ ನೆನಪಾಗಲಿಲ್ಲ.